ಮನೆಯಲ್ಲೇ ಬಣ್ಣ, ಮಣ್ಣು, ಆಟ: ಚಿಕ್ಕ ಮಕ್ಕಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಒಂದು ಸಣ್ಣ ಶಿಶುವಿಹಾರದಲ್ಲಿ ಬಹಳ ವರ್ಷಗಳಿಂದ ಮಕ್ಕಳ ಜೊತೆ ಇದ್ದೇನೆ. ಮಗುವನ್ನು ಕರೆದೊಯ್ಯಲು ಬಂದವರು ಗೇಟಿನ ಹತ್ತಿರ ನಿಂತು ಕೇಳುತ್ತಾರೆ. ಬೀದರ್, ಯಾದಗಿರಿ ಕಡೆಯಿಂದ ಕೆಲವರು ಬರೆದು ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎರಡೂವರೆಯಿಂದ ಆರು ವರ್ಷದೊಳಗಿನ ಮಕ್ಕಳನ್ನು ನೆನಪಿನಲ್ಲಿಟ್ಟು ಉತ್ತರ ಬರೆದಿದ್ದೇನೆ.

## ಶುರು ಮಾಡುವವರಿಗೆ

ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ಈಗಲೇ ಬಣ್ಣ ಕೊಡಬಹುದಾ, ಇನ್ನೂ ಕಾಯಬೇಕಾ?

ಕೊಡಿ. ಈ ವಯಸ್ಸಿನಲ್ಲಿ ಚಿತ್ರ ಅಂದರೆ ಕೈ ಆಡಿಸುವ ಖುಷಿ, ಅಷ್ಟೇ. ತಾನು ಕೈ ಎಳೆದಲ್ಲೆಲ್ಲ ಗೆರೆ ಮೂಡುತ್ತದೆ ಅನ್ನೋದೇ ಅವಳಿಗೆ ದೊಡ್ಡ ಸುದ್ದಿ. ದಪ್ಪ ಕ್ರೆಯಾನ್ ಕೊಡಿ, ಕಾಗದ ದೊಡ್ಡದಿರಲಿ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಚೆನ್ನಾಗಿರುತ್ತದೆ. ಹಾಳೆ ಜಾರದಂತೆ ನಾಲ್ಕು ಮೂಲೆಗೆ ಟೇಪ್ ಹಚ್ಚಿ.

ಮೊದಲು ಬರೀ ಗೀಚು ಬರುತ್ತದೆ. ಮೂರರ ಹೊತ್ತಿಗೆ ಸುತ್ತು ಕೂಡತೊಡಗುತ್ತದೆ. ಮೂರೂವರೆ, ನಾಲ್ಕರ ಹೊತ್ತಿಗೆ ಒಂದು ದುಂಡು ತಲೆ ಬಂದು, ತಲೆಯಿಂದಲೇ ನೇರವಾಗಿ ಎರಡು ಕಾಲು ಇಳಿಯುತ್ತವೆ. ಹೊಟ್ಟೆ ಇರುವುದಿಲ್ಲ. ಅದನ್ನು ತಿದ್ದಬೇಡಿ. ಒಂದೆರಡು ತಿಂಗಳು ಆಚೀಚೆ ಆದರೂ ಚಿಂತೆ ಬೇಡ.

ಏನೇನು ತರಬೇಕು? ಸೂಪರ್ ಮಾರ್ಕೆಟ್ ಅಂಗಡಿಗಳಲ್ಲಿ ಕಿಟ್ ಬಹಳ ದುಬಾರಿ ಹೇಳ್ತಾರೆ.

ಕಿಟ್ ಬೇಡ. ಒಂದು ಡಬ್ಬಿ ದಪ್ಪ ಕ್ರೆಯಾನ್, ಒಂದು ಡಬ್ಬಿ ಚಾಕ್‌ಪೀಸ್, ಒಂದು ಅಗಲ ಬ್ರಷ್, ಕೆಂಪು, ಹಳದಿ, ನೀಲಿ ಪೋಸ್ಟರ್ ಬಣ್ಣ. ಮೂರೇ ಬಣ್ಣ ಸಾಕು. ಹಸಿರು ಎಲ್ಲಿಂದ ಬಂತು ಅಂತ ಮಗು ತಾನೇ ಕಂಡುಕೊಳ್ಳಲಿ.

ಉಳಿದದ್ದು ಮನೆಯಲ್ಲಿದೆ. ಲಗ್ನಪತ್ರಿಕೆಗಳು, ರಟ್ಟಿನ ಡಬ್ಬಿ, ಬೆಂಕಿಪೊಟ್ಟಣ, ದರ್ಜಿ ಅಂಗಡಿಯಿಂದ ತಂದ ಬಟ್ಟೆ ಚೂರು. ಹಳ್ಳಿಯಿಂದ ಯಾರಾದರೂ ಬರುವಾಗ ನಾಲ್ಕು ಜೋಳದ ದಂಟು ತರಲು ಹೇಳಿ. ಒಳಗಿನ ಬೆಂಡಿಗೆ ಕಡ್ಡಿ ಚುಚ್ಚಿದರೆ ಬಂಡಿ ಆಗುತ್ತದೆ, ಎತ್ತು ಆಗುತ್ತದೆ. ಸಿಪ್ಪೆಯನ್ನು ಮಾತ್ರ ನೀವೇ ಸುಲಿದು ಕೊಡಿ. ಅದರ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಮನೆಯಲ್ಲಿ ಪಾಲಿಶ್ ಮಾಡದ ಶಹಾಬಾದ್ ಫರಸಿ, ಅಂದರೆ ಹಾಸುಗಲ್ಲಿನ ನೆಲ ಇದೆಯಾ? ಅದಕ್ಕಿಂತ ದೊಡ್ಡ ಪಾಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೂದು ಕಲ್ಲಿನ ಮೇಲೆ ಚಾಕ್‌ಪೀಸ್ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಾಗದಂತೆ ಕದಡಿ ಕುದಿಸಿ. ನಮ್ಮ ಸೆಕೆಗೆ ಎರಡು ದಿನಕ್ಕಿಂತ ಜಾಸ್ತಿ ಇರುವುದಿಲ್ಲ. ಕೆಡಬಾರದು ಅಂತ ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳ ಅಂಟಿಗೆ ಹಾಕಲೇಬೇಡಿ.

ಗ್ವಾಡಿ ತುಂಬಾ ಗೀಚ್ಯಾನ್ರಿ ಟೀಚರ್. ಬಾಡಿಗೆ ಮನಿ, ಮಾಲಕರು ಬೈತಾರ. ಏನ್ ಮಾಡ್ಲಿ?

ಮಗುವಿಗೆ ಗೋಡೆ ಯಾಕೆ ಇಷ್ಟ ಅಂದರೆ ಅಲ್ಲಿ ನಿಂತು, ಇಡೀ ತೋಳು ಬೀಸಿ ಬರೆಯಬಹುದು. ಭುಜಕ್ಕೆ, ಮಣಿಕಟ್ಟಿಗೆ ಅದು ಒಳ್ಳೆಯದು. ಹಾಗಾಗಿ ನಿಲ್ಲಿಸುವ ಬದಲು ಜಾಗ ಬದಲಿಸಿ. ಫ್ರಿಜ್ ಅಥವಾ ಕೂಲರ್ ಬಂದ ರಟ್ಟಿನ ಡಬ್ಬಿಯನ್ನು ಬಿಚ್ಚಿ, ಮಗುವಿನ ಎತ್ತರಕ್ಕೆ ಗೋಡೆಗೆ ಒರಗಿಸಿ ಕಟ್ಟಿ. "ಅಲ್ಲಿ ಬರೀಬೇಡ" ಅನ್ನುವ ಬದಲು "ಬಾ, ಇಲ್ಲಿ ಬರಿ" ಅನ್ನಿ. ಒಂದು ವಾರ ಹೇಳಿದ್ದನ್ನೇ ಹೇಳಬೇಕಾಗುತ್ತದೆ. ಹೇಳಿ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಒಂದು ಚೊಂಬು ನೀರು, ಒಂದು ಅಗಲ ಬ್ರಷ್ ಕೊಟ್ಟು ಅಂಗಳದ ಗೋಡೆಗೆ "ಬಣ್ಣ ಹೊಡಿ" ಅನ್ನಿ. ನೀರು ತಾಗಿದಲ್ಲಿ ಕಪ್ಪಾಗುತ್ತದೆ, ಎರಡು ನಿಮಿಷದಲ್ಲಿ ಒಣಗಿ ಮಾಯ. ಅವನು ಮತ್ತೆ ಶುರು ಮಾಡುತ್ತಾನೆ. ಒಂದು ಚೊಂಬಿಗೆ ಅರ್ಧ ಗಂಟೆ ಆಟ.

ಈಗಾಗಲೇ ಬಿದ್ದ ಕ್ರೆಯಾನ್ ಗೀಚು ಆಯಿಲ್ ಪೇಂಟ್ ಗೋಡೆಯ ಮೇಲಿದ್ದರೆ ಅಡಿಗೆ ಸೋಡಾ ಹಚ್ಚಿದ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ. ಡಿಸ್ಟೆಂಪರ್ ಗೋಡೆಯನ್ನು ಉಜ್ಜಬೇಡಿ, ಗೋಡೆಯ ಬಣ್ಣವೇ ಕಿತ್ತು ಬರುತ್ತದೆ.

ಎಲ್ಲಾ ಬಾಯಿಗೆ ಹಾಕ್ಕೊಳ್ತಾನೆ. ಏನು ಕೊಡಬಾರದು ಅಂತ ಸ್ಪಷ್ಟವಾಗಿ ಹೇಳಿ.

ಮೂರು ವರ್ಷದೊಳಗೆ ತೊಗರಿ, ಕಡಲೆ, ಶೇಂಗಾ, ಮಣಿ, ಗುಂಡಿ ಯಾವುದೂ ಆಟಕ್ಕೆ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನಮ್ಮದು ತೊಗರಿ ನಾಡು, ಕಾಳು ಮನೆಯ ಮೂಲೆಮೂಲೆಯಲ್ಲಿ ಇರುತ್ತದೆ. ಮೂಗಿಗೆ ಕಾಳು ತುರುಕಿಕೊಂಡ ಮಗುವಿನ ಕಥೆ ಇಲ್ಲದ ಓಣಿ ಇಲ್ಲಿ ಅಪರೂಪ. ಕಾಳು ಮೂಗಿನ ತೇವಕ್ಕೆ ಉಬ್ಬುತ್ತದೆ. ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ. ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ನೀರಿಗೆ ಹಾಕಿದರೆ ದಪ್ಪಗಾಗುವ ಬಣ್ಣದ ಜೆಲ್ಲಿ ಮಣಿಗಳನ್ನು ಯಾವ ವಯಸ್ಸಿನ ಚಿಕ್ಕ ಮಗುವಿಗೂ ಕೊಡಬೇಡಿ. ನುಂಗಿದರೆ ಹೊಟ್ಟೆಯೊಳಗೂ ಹಾಗೇ ಉಬ್ಬುತ್ತವೆ. ಆಟಿಕೆಯ ಗುಂಡಿ ಸೆಲ್, ಒಡೆದ ಬಲೂನಿನ ಚೂರು ಕೂಡ ಅಪಾಯ. ಹೋಳಿ ಬಣ್ಣ, ಆಯಿಲ್ ಪೇಂಟ್, ಸುಣ್ಣ ದೂರ ಇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಹಾಗೇನಾದರೂ ಆದರೆ ಮೊದಲು ಧಾರಾಳವಾಗಿ ನೀರು ಹಾಕಿ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ.

ಬಣ್ಣದ ಡಬ್ಬಿಯ ಮೇಲೆ ನಾನ್ ಟಾಕ್ಸಿಕ್ ಅಂತ ಇರಲಿ. ಆದರೆ ಅದು ತಿನ್ನುವ ವಸ್ತು ಅಂತ ಅರ್ಥ ಅಲ್ಲ. ತೀರಾ ಚಿಕ್ಕವರಿಗೆ ಪರಾತದಲ್ಲಿ (ಅಗಲ ತಟ್ಟೆಯಲ್ಲಿ) ರವೆ ಹಾಕಿ, ಒಂದು ಸಾಣಿಗೆ, ಒಂದು ಚಮಚ ಕೊಡಿ. ಪಕ್ಕದಲ್ಲಿ ನೀವಿರಿ.

## ಬಣ್ಣ, ಹಿಟ್ಟು, ಮಣ್ಣು

ಅಡಿಗೆಮನೆಯಲ್ಲೇ ಬಣ್ಣ ಮಾಡಬಹುದು ಅಂತಾರಲ್ಲ, ಹೇಗೆ?

ಅರಿಶಿನ ಹಳದಿ. ಬೀಟ್‌ರೂಟ್ ರಸ ಗುಲಾಬಿ. ಪಾಲಕ್ ಅರೆದು ಹಿಂಡಿದರೆ ಹಸಿರು. ಚಹಾ ಡಿಕಾಕ್ಷನ್ ಕಂದು. ಇವಕ್ಕೆ ಸ್ವಲ್ಪ ಮೈದಾ ಅಂಟು ಕೂಡಿಸಿದರೆ ಬೆರಳಲ್ಲಿ ಹಚ್ಚುವ ಬಣ್ಣ ತಯಾರು. ಬೀಟ್‌ರೂಟ್ ಕೆಲವೇ ದಿನಗಳಲ್ಲಿ ಮಾಸುತ್ತದೆ ಅಂತ ಮಗುವಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬೇಜಾರಾಗುತ್ತಾರೆ.

ನಾಲ್ಕು ವರ್ಷ ದಾಟಿದವರಿಗೆ ಒಂದು ಆಟ ಹೇಳುತ್ತೇನೆ. ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿ. ಅಡಿಗೆ ಸೋಡಾ ಕಲಸಿದ ನೀರಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಬರೆದರೆ ಗೆರೆ ಕೆಂಪಾಗುತ್ತದೆ. ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ನಮ್ಮಲ್ಲಿ ಮಕ್ಕಳು ಇದನ್ನು ಕಾಗದ ಹರಿಯುವ ತನಕ ಮಾಡುತ್ತಾರೆ. ಅಂಗಿಗೆ ಹತ್ತಿದ ಅರಿಶಿನಕ್ಕೆ ಹೆದರಬೇಡಿ. ಒಗೆದು ನಮ್ಮ ಬಿಸಿಲಿಗೆ ಒಣಗಿಸಿ, ಕಲೆ ತಾನೇ ತಿಳಿಯಾಗುತ್ತದೆ.

ಬೀದರ್‌ನವರಿಗೆ ಅಂಗಳದಲ್ಲೇ ಬಣ್ಣ ಇದೆ. ಅಲ್ಲಿಯ ಕೆಂಪು ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ ಅಂಟಿಗೆ ಕಲಸಿದರೆ ಚಂದದ ಇಟ್ಟಿಗೆ ಬಣ್ಣ. ನಮ್ಮ ಎರೆ ಮಣ್ಣು ಬೂದುಗಪ್ಪು ಕೊಡುತ್ತದೆ. ಎರಡೂ ಊರಿನಲ್ಲಿ ನೆಂಟರಿದ್ದರೆ ಒಂದೊಂದು ಡಬ್ಬಿ ಮಣ್ಣು ಅದಲುಬದಲು ಮಾಡಿಕೊಳ್ಳಿ.

ಜೋಳದ ಹಿಟ್ಟಿನಲ್ಲಿ ಆಟದ ಹಿಟ್ಟು ಮಾಡಿದೆ, ಬರೀ ಬಿರುಕು. ಎಲ್ಲಿ ತಪ್ಪಿದೆ?

ತಪ್ಪಿಲ್ಲ. ಜೋಳಕ್ಕೆ ಗೋಧಿಯ ಹಾಗೆ ಜಿಗುಟಿಲ್ಲ. ಅದಕ್ಕೇ ರೊಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತೇವೆ ಅಲ್ವಾ? ಆಟಕ್ಕೆ ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಒಂದು ಚಮಚ ಎಣ್ಣೆ, ಸ್ವಲ್ಪ ಸ್ವಲ್ಪವೇ ನೀರು, ಹೆಚ್ಚು ಕಡಿಮೆ ಒಂದು ಕಪ್. ಮುಚ್ಚಳದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಉಪ್ಪು ಬಹಳ ಇರುವುದರಿಂದ ಇದನ್ನು ತಿನ್ನಲು ಬಿಡಬೇಡಿ. ಬಾಯಿಗೆ ಹಾಕುವ ವಯಸ್ಸಿನವರಿಗೆ ಉಪ್ಪಿಲ್ಲದ ಹಿಟ್ಟೇ ಇರಲಿ, ಅವತ್ತಿನದು ಅವತ್ತಿಗೆ.

ಜೋಳದ ಹಿಟ್ಟಿಗೆ ಅದರದೇ ಆಟ ಇದೆ. ನೀವು ರೊಟ್ಟಿ ಬಡಿಯುವಾಗ ಆರಿದ ಒಂದು ಸಣ್ಣ ಉಂಡೆಯನ್ನು ಮಗುವಿಗೆ ಕೊಡಿ, ಒಲೆಯಿಂದ ದೂರ ಕೂರಿಸಿ. ಅವಳು ಬಡಿಯಲಿ, ಹರಿಯಲಿ, ಮತ್ತೆ ಕೂಡಿಸಲಿ. ಅವಳ ಅಂಗೈಯಗಲದ ರೊಟ್ಟಿಯನ್ನೂ ಹಂಚಿಗೆ ಹಾಕಿ, ಊಟಕ್ಕೆ ಎಲ್ಲರಿಗೂ ಒಂದೊಂದು ಚೂರು ಕೊಡಿ.

ಮಣ್ಣೆತ್ತಿನ ಅಮಾವಾಸ್ಯೆಗೆ ಮಗನ ಕೈಲಿ ಎತ್ತು ಮಾಡಿಸಿದೆ. ಒಣಗಿದ ಮೇಲೆ ಸೀಳಿ ಎರಡು ಹೋಳಾಯ್ತು, ಬಹಳ ಅತ್ತ.

ಎರೆ ಮಣ್ಣಿನ ಗುಣವೇ ಅದು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದನ್ನು ನೋಡಿದ್ದೀರಲ್ಲ, ಎತ್ತಿನ ಬೆನ್ನಲ್ಲೂ ಅದೇ ಆಗಿದೆ. ಮಗನಿಗೆ ಹೊಲದ ಬಿರುಕು ತೋರಿಸಿ, ಅವನಿಗೆ ಅರ್ಥವಾಗುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಮಣ್ಣನ್ನು ಹಿಂದಿನ ರಾತ್ರಿ ನೆನೆಹಾಕಿ. ಕಲ್ಲು, ಬೇರು, ಗಾಜಿನ ಚೂರು ಇಲ್ಲದಂತೆ ಆರಿಸಿ. ಸಣ್ಣ ಹೊಟ್ಟು, ಇಲ್ಲವೇ ನೆನೆಸಿ ಹಿಸುಕಿದ ಪೇಪರ್ ಕೂಡಿಸಿ ಚೆನ್ನಾಗಿ ನಾದಿ. ಕಾಲು, ಕೊಂಬು ಅಂಟಿಸುವ ಕಡೆ ಕೆಸರು ಹಚ್ಚಿ ಒತ್ತಿ. ಕಾಲು ಗಿಡ್ಡ, ದಪ್ಪ ಇರಲಿ. ಬಿಸಿಲಿಗೆ ಇಡಬೇಡಿ. ನೆರಳಲ್ಲಿ, ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ ಒಣಗಿಸಿ.

ನಾನು ಚಿಕ್ಕವಳಿದ್ದಾಗ ಮುತ್ಯಾ, ಅಂದರೆ ನಮ್ಮ ಅಜ್ಜ, ಹೊಲದಿಂದ ಟವೆಲ್‌ನಲ್ಲಿ ಮಣ್ಣು ಕಟ್ಟಿಕೊಂಡು ಬರುತ್ತಿದ್ದರು. ಮಕ್ಕಳೆಲ್ಲ ಸುತ್ತ ಕೂಡುತ್ತಿದ್ದೆವು. ನನ್ನ ಎತ್ತು ಒಂದು ಉಂಡೆ, ಮೇಲೆ ಎರಡು ಕೊಂಬು, ಕಣ್ಣಿಗೆ ಎರಡು ಜೋಳದ ಕಾಳು. ಮುತ್ಯಾ ಅದನ್ನೂ ತಮ್ಮ ಜೋಡೆತ್ತಿನ ಪಕ್ಕದಲ್ಲೇ ಇಟ್ಟು ಪೂಜೆ ಮಾಡಿಸಿದರು. ಈಗ ಎಲ್ಲರೂ ಬಜಾರದಿಂದ ಬಣ್ಣದ ಎತ್ತು ತರುತ್ತಾರೆ. ತನ್ನಿ, ಬೇಡ ಅನ್ನುವುದಿಲ್ಲ. ಮಗು ಮಾಡಿದ ಎತ್ತೂ ಅದೇ ಮಣೆಯ ಮೇಲೆ ಇರಲಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಮಣ್ಣು ಹಂದಿ, ನಾಯಿ ಓಡಾಡದ ಜಾಗದ್ದಿರಲಿ. ಆಟ ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಸಿ, ಉಗುರು ಕತ್ತರಿಸಿ. ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಏಪ್ರಿಲ್, ಮೇನಲ್ಲಿ 10 ಗಂಟೆಗೇ ಹೊರಗೆ ಕಾಲಿಡೋಕಾಗಲ್ಲ. ಇಡೀ ದಿನ ಮನೆಯೊಳಗೆ ಏನು ಮಾಡಿಸಲಿ?

42 ಡಿಗ್ರಿ ದಾಟುವ ದಿನಗಳಲ್ಲಿ ಹೊರಗಿನ ಆಟ ಬೆಳಿಗ್ಗೆ 9ರೊಳಗೆ ಮುಗಿಯಲಿ, ಮತ್ತೆ ಸಂಜೆ 6ರ ಮೇಲೆ. ನಡುವಿನ ಹೊತ್ತಿಗೆ ನನ್ನ ಮೊದಲ ಆಯ್ಕೆ ಕೌದಿ, ಅಂದರೆ ಹಳೆಯ ಬಟ್ಟೆ ತುಂಡು ಸೇರಿಸಿ ಹೊಲಿದ ಹೊದಿಕೆ.

ಮಂಚದ ಮೇಲಿಂದ ಕುರ್ಚಿಗೆ ಕೌದಿ ಎಳೆದು ಕಟ್ಟಿದರೆ ಮನೆ. ಒಳಗೆ ಒಂದು ಟಾರ್ಚ್, ಎರಡು ಸಣ್ಣ ಪಾತ್ರೆ, ಒಂದು ಗೊಂಬೆ. ಅಂಗಡಿ ಆಗುತ್ತದೆ, ಬಸ್ ಆಗುತ್ತದೆ, ದವಾಖಾನೆ ಆಗುತ್ತದೆ. ಕಿಟಕಿ ಮುಚ್ಚಿದ ಮಧ್ಯಾಹ್ನ ಟಾರ್ಚಿನ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನಾಯಿ, ಹಕ್ಕಿ ಮಾಡಿ. ಆಮೇಲೆ ಕೌದಿಯನ್ನೇ ಹಾಸಿ ತುಂಡು ತುಂಡಾಗಿ ನೋಡಿ. "ಇದು ಅಜ್ಜಿಯ ಇಳಕಲ್ ಸೀರೆ, ಇದು ನಿನ್ನ ಅಪ್ಪನ ಶಾಲೆ ಅಂಗಿ." ಮಗು ಬಣ್ಣ ಹುಡುಕುತ್ತದೆ, ಹೊಲಿಗೆ ಮುಟ್ಟಿ ನೋಡುತ್ತದೆ, ಕಥೆ ಕೇಳುತ್ತದೆ. ದರ್ಜಿಯ ಬಟ್ಟೆ ಚೂರುಗಳನ್ನು ರಟ್ಟಿಗೆ ಅಂಟಿಸಿ ತನ್ನದೇ ಕೌದಿ ಮಾಡಲಿ. ಇದೊಂದು ಕೆಲಸ ನಮ್ಮಲ್ಲಿ ನಾಲ್ಕು ದಿನ ನಡೆದದ್ದಿದೆ.

ನೀರಿನಾಟಕ್ಕೆ ಎರಡು ಲೀಟರ್ ಸಾಕು, ಆಮೇಲೆ ಅದನ್ನು ಗಿಡಕ್ಕೆ ಹಾಕಿ. ಪರಾತ ಇರಲಿ, ಬಕೆಟ್ ಬೇಡ. ನೀರಿನ ಹತ್ತಿರ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಚಿಕ್ಕ ಮಕ್ಕಳು ಅರ್ಧ ಬಕೆಟ್ ನೀರಿನಲ್ಲೂ ಮುಳುಗುತ್ತಾರೆ.

## ಮನೆಯವರು, ಸಮಯ

ಇಬ್ಬರೂ ಕೆಲಸಕ್ಕೆ ಹೋಗ್ತೀವಿ. ದಿನಾ ಟೈಮ್ ಎಲ್ಲಿ ಸಿಗುತ್ತೆ?

ದಿನಾ 15 ನಿಮಿಷ ಸಾಕು. ಕ್ರೆಯಾನ್, ಕಾಗದ ಮಗುವಿನ ಕೈಗೆ ಎಟುಕುವ ಒಂದೇ ಡಬ್ಬಿಯಲ್ಲಿರಲಿ. ನೀವು ಪಲ್ಲೆ ಸೋಸುವಾಗ ಅವನು ಪಕ್ಕದಲ್ಲಿ ಕೂತು ಬರೆಯಲಿ. ಉಳಿದ ಕಡ್ಡಿ, ಎಲೆ ಅವನಿಗೇ ಕೊಡಿ. ಮೆಂತ್ಯದ ಕಡ್ಡಿ ಬ್ರಷ್ ಆಗುತ್ತದೆ, ಅರ್ಧ ಬೆಂಡೆಕಾಯಿ ಹೂವಿನ ಅಚ್ಚು ಆಗುತ್ತದೆ.

ನಮ್ಮ ಅತ್ತೆಯವರು "ಇದೆಲ್ಲ ಬಿಡು, ಅ ಆ, ಎ ಬಿ ಸಿ ಕಲಿಸು" ಅಂತಾರೆ. ಏನು ಹೇಳಲಿ?

ವಾದ ಮಾಡಬೇಡಿ. ಅವರಿಗೂ ಮೊಮ್ಮಗು ಮುಂದೆ ಬರಬೇಕು ಅನ್ನುವ ಆಸೆ. ಅಕ್ಷರ ಬರೆಯಲು ಬೆರಳಿಗೆ ಬಲ ಬೇಕು, ಸುತ್ತು, ಅಡ್ಡ, ಉದ್ದ ಗೆರೆ ಕೈಗೆ ಬರಬೇಕು. ಕನ್ನಡ ಅಕ್ಷರ ನೋಡಿ, ಎಷ್ಟು ಸುತ್ತು! ಹಿಟ್ಟು ಹಿಸುಕುವುದು, ಮಣ್ಣು ನಾದುವುದು, ಕಾಗದ ಹರಿಯುವುದು ಆ ಕೈಯನ್ನೇ ತಯಾರು ಮಾಡುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ಕಲಿಕೆಗೆ ಆಟವನ್ನೇ ತಳಪಾಯ ಮಾಡಿದೆ.

ಅದಕ್ಕಿಂತ ಒಳ್ಳೆಯದು, ಅತ್ತೆಯವರನ್ನೇ ಗುರುಗಳನ್ನಾಗಿ ಮಾಡಿ. "ಅತ್ತಿ, ಕೂಸಿಗೆ ಚುಕ್ಕಿ ರಂಗೋಲಿ ತೋರಿಸ್ರಿ" ಅನ್ನಿ. ಮೂರು ಸಾಲು, ಮೂರು ಚುಕ್ಕಿ, ಫರಸಿಯ ಮೇಲೆ ಚಾಕ್‌ಪೀಸಿನಲ್ಲಿ. ಎಣಿಕೆಯೂ ಬಂತು, ಗೆರೆಯೂ ಬಂತು. ರಂಗೋಲಿ ಪುಡಿ ಕಲ್ಲಿನ ಪುಡಿ, ಮಗು ಉಸಿರಿನಲ್ಲಿ ಎಳೆದುಕೊಳ್ಳುತ್ತದೆ. ಪುಡಿಯೇ ಬೇಕಿದ್ದರೆ ಅಕ್ಕಿಹಿಟ್ಟು ಕೊಡಿ.

ಎಡಗೈಯಲ್ಲೇ ಹಿಡೀತಾಳೆ. ತಿದ್ದಬೇಕಾ?

ಬೇಡ. ಎಡಗೈ ಅವಳ ಹುಟ್ಟಿನ ಕೈ, ಕೆಟ್ಟ ಚಟ ಅಲ್ಲ. ಊಟಕ್ಕೆ ಬಲಗೈ ಅನ್ನುವುದು ನಿಮ್ಮ ಮನೆಯ ರೂಢಿಯಾದರೆ ಅದನ್ನು ಬೇರೆಯಾಗಿ, ಬೈಯದೆ ಹೇಳಿಕೊಡಿ. ಬ್ರಷ್, ಪೆನ್ಸಿಲ್ ವಿಷಯದಲ್ಲಿ ಒತ್ತಾಯ ಬೇಡ. ಎಡಗೈಯವರಿಗೆ ಅಂತಲೇ ಕತ್ತರಿ ಸಿಗುತ್ತದೆ, ತುದಿ ಮೊಂಡಾಗಿರುವುದನ್ನು ತನ್ನಿ.

ಮೊಬೈಲ್‌ನಲ್ಲಿ ಬಣ್ಣ ತುಂಬುವ ಆ್ಯಪ್ ಇದೆ, ಗಲೀಜೂ ಇಲ್ಲ. ನಡೆಯುತ್ತಾ?

ಗಾಜಿನ ಮೇಲೆ ಎಲ್ಲ ಬಣ್ಣವೂ ಒಂದೇ ಥರ ನುಣುಪು. ಒದ್ದೆ, ಒರಟು, ಭಾರ, ಒತ್ತಿದರೆ ಗಾಢ ಅನ್ನುವುದು ಬೆರಳಿಗೆ ಗೊತ್ತಾಗುವುದಿಲ್ಲ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಗಲೀಜಿಗೆ ಹೆದರಿ ಮೊಬೈಲ್ ಕೊಡುವುದಾದರೆ, ಹಳೆಯ ಸೀರೆ ಹಾಸಿ ಅದರ ಮೇಲೆ ಬಣ್ಣ ಕೊಡಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

"ನಂಗ ಬರಲ್ಲ, ನೀನೇ ಬರ್ದು ಕೊಡು" ಅಂತ ಅಳ್ತಾನೆ. ಬರೆದುಕೊಡಲಾ?

ಇದೇ ತಪ್ಪು ನಾನು ಮಾಡಿದ್ದೇನೆ. ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗ ಆನೆ ಬೇಕು ಅಂದ. ಚಂದದ ಆನೆ ಬರೆದುಕೊಟ್ಟೆ. ಅವನು ತನ್ನ ಹಾಳೆ ನೋಡಿದ, ನನ್ನದು ನೋಡಿದ, ಕ್ರೆಯಾನ್ ಕೆಳಗಿಟ್ಟ. ಆಮೇಲೆ ಬಹಳ ದಿನ ಅವನು ಏನನ್ನೂ ಬರೆಯಲಿಲ್ಲ, ನನ್ನ ಕೈಗೇ ಕ್ರೆಯಾನ್ ಕೊಡುತ್ತಿದ್ದ. ಅವನ ಆನೆಯನ್ನು ನನ್ನ ಆನೆ ತುಳಿದುಬಿಟ್ಟಿತ್ತು.

ಈಗ ಕೇಳುತ್ತೇನೆ: "ಆನೆ ಅಂದ ಕೂಡಲೇ ಮೊದಲು ಏನು ನೆನಪಾಗುತ್ತೆ?" ಸೊಂಡಿಲು ಅಂದರೆ ಸೊಂಡಿಲಿನಿಂದಲೇ ಶುರು. "ನಿನ್ನ ಕೈಯನ್ನೇ ಸೊಂಡಿಲು ಮಾಡು ನೋಡೋಣ" ಅನ್ನುತ್ತೇನೆ. ಮೈಯಲ್ಲಿ ಬಂದದ್ದು ಕಾಗದಕ್ಕೆ ಇಳಿಯುತ್ತದೆ. ಏನೂ ಬರೆಯದೆ ಸುಮ್ನೆ ಕೂತರೂ ಪರವಾಗಿಲ್ಲ.

ಬರೆದ ಮೇಲೆ "ಇದೇನಿದು?" ಅಂತ ಕೇಳಬೇಡಿ. ಮಗುವಿಗೆ ಗೊತ್ತಿದ್ದದ್ದು ನಿಮಗೆ ಕಾಣಲಿಲ್ಲ ಅಂತಾಗುತ್ತದೆ. "ಈ ಮೂಲೆಯಲ್ಲಿ ನೀಲಿ ಜಾಸ್ತಿ ಇದೆ", "ಇಲ್ಲಿ ಬಹಳ ಜೋರಾಗಿ ಒತ್ತಿದ್ದೀಯ" ಅಂತ ಕಂಡದ್ದನ್ನು ಹೇಳಿ. ಉಳಿದ ಕಥೆ ಅವನೇ ಹೇಳುತ್ತಾನೆ.

ನಾಲ್ಕು ವರ್ಷ ಆಯ್ತು, ಬಣ್ಣ ಮುಟ್ಟೋದೇ ಇಲ್ಲ. ಕೈಗೆ ಏನಾದ್ರೂ ಹತ್ತಿದರೆ ಕೂಗಾಡ್ತಾನೆ.

ಕೆಲವು ಮಕ್ಕಳಿಗೆ ಅಂಟು, ಒದ್ದೆ ಸಹಿಸಲು ಆಗುವುದಿಲ್ಲ. ಅದು ಹಟ ಅಲ್ಲ. ಕೈ ಹಿಡಿದು ಬಣ್ಣದಲ್ಲಿ ಅದ್ದಲೇಬೇಡಿ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣ ಹಾಕಿ, ಬಾಯಿಗೆ ಟೇಪ್ ಹಚ್ಚಿ, ಹೊರಗಿನಿಂದ ಒತ್ತಲು ಕೊಡಿ. ಆಮೇಲೆ ಉದ್ದ ಹಿಡಿಯ ಬ್ರಷ್. ಪಕ್ಕದಲ್ಲಿ ಒದ್ದೆ ಟವೆಲ್ ಇರಲಿ, ಬೇಕೆಂದಾಗ ಒರೆಸಿಕೊಳ್ಳಬಹುದು ಅಂತ ಗೊತ್ತಿದ್ದರೆ ಧೈರ್ಯ ಬರುತ್ತದೆ. ಊಟದಲ್ಲೂ ಹೀಗೇ ಕಷ್ಟ, ಮಾತು ತಡ, ಕರೆದರೆ ತಿರುಗಿ ನೋಡುವುದಿಲ್ಲ ಅಂತಿದ್ದರೆ ಕಾಯದೆ ಮಕ್ಕಳ ಡಾಕ್ಟರ್‌ಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ತಪಾಸಣೆಗೆ ಬಂದಾಗ ಇದನ್ನು ಮುಚ್ಚಿಡದೆ ಹೇಳಿ.

ಬೀದರ್‌ನಲ್ಲಿ ಬಿದ್ರಿ ಕೆಲಸ ತೋರಿಸಿದೆ. ಮಗಳು "ನಾನೂ ಮಾಡ್ತೀನಿ" ಅಂತ ಹಟ. ಐದು ವರ್ಷದವಳಿಗೆ ಏನು ಮಾಡಿಸಲಿ?

ಒಳ್ಳೆಯ ಹಟ. ಬಿದ್ರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ. ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ಅದ್ದಿದಾಗ ಮೈ ಕಪ್ಪಾಗಿ, ಬೆಳ್ಳಿ ಮಾತ್ರ ಹೊಳೆಯುತ್ತದೆ.

ಕಪ್ಪಿನೊಳಗಿಂದ ಹೊಳಪು ಬರುವ ಆ ಖುಷಿ ಕಾಗದದಲ್ಲೂ ಸಿಗುತ್ತದೆ. ಲಗ್ನಪತ್ರಿಕೆಯ ದಪ್ಪ ರಟ್ಟಿನ ಖಾಲಿ ಬದಿಗೆ ಬಿಳಿ, ಹಳದಿ ಕ್ರೆಯಾನ್ ಒತ್ತಿ ಒತ್ತಿ ತುಂಬಿಸಿ. ಎಲ್ಲೂ ಜಾಗ ಬಿಡಬಾರದು. ಕಪ್ಪು ಪೋಸ್ಟರ್ ಬಣ್ಣಕ್ಕೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಕೂಡಿಸಿ, ಇಲ್ಲದಿದ್ದರೆ ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ. ಎರಡು ಸಲ ಬಳಿದು ಪೂರ್ತಿ ಒಣಗಿಸಿ. ಈಗ ಮೊಂಡು ಕಡ್ಡಿಯಲ್ಲಿ ಗೀರಲಿ. ಒಳಗಿನ ಬಿಳಿ ಗೆರೆ ಹೊಳೆದು ಬರುತ್ತದೆ. ಹೂವು, ಬಳ್ಳಿಯೇ ಆಗಬೇಕು ಅಂತಿಲ್ಲ.

ಇನ್ನೊಂದು ಸಲ ಮಹಮೂದ್ ಗಾವಾನ್ ಮದರಸಾಕ್ಕೆ ಕರೆದುಕೊಂಡು ಹೋಗಿ. 1472ರ ಕಟ್ಟಡ, ಗೋಡೆಯ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಮನೆಗೆ ಬಂದು ಬಣ್ಣದ ಕಾಗದ ಹರಿದು, ಚೂರು ಚೂರಾಗಿ ಅಂಟಿಸಲಿ.

ಮಗಳು ಚೆನ್ನಾಗಿ ಬರೀತಾಳೆ. ಡ್ರಾಯಿಂಗ್ ಕ್ಲಾಸಿಗೆ ಸೇರಿಸಲಾ, ಸ್ಪರ್ಧೆಗೆ ಕಳಿಸಲಾ?

ಆರು ವರ್ಷದೊಳಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೋರ್ಡಿನ ಮೇಲಿನ ಮನೆ, ಎರಡು ಗುಡ್ಡ, ನಡುವೆ ಸೂರ್ಯ ನೋಡಿ ನಕಲು ಮಾಡುವ ತರಗತಿಯಿಂದ ಬಂದ ಮಕ್ಕಳು ವರ್ಷಗಟ್ಟಲೆ ಅದನ್ನೇ ಬರೆಯುವುದನ್ನು ನೋಡಿದ್ದೇನೆ. ನಮ್ಮ ಊರಲ್ಲಿ ಅಂಥ ಗುಡ್ಡವೇ ಇಲ್ಲ.

ಅದರ ಬದಲು ನೋಡಲು ಕಲಿಸಿ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಬರೆದ ದೇವರ ಚಿತ್ರಗಳು ಕ್ಯಾಲೆಂಡರ್ ಆಗಿ ದೇಶದ ಮನೆಮನೆಗೆ ಹೋದವು. ಯಾದಗಿರಿ ಕಡೆಯವರಿಗೆ ಸುರಪುರದ ನಾಯಕ ಅರಸರ ಕಾಲದ ಸೂಕ್ಷ್ಮ ಚಿತ್ರಗಳ ಪರಂಪರೆ ಇದೆ. ಅಂಥ ಚಿತ್ರ ಎಲ್ಲಿ ಸಿಕ್ಕರೂ ಮಗುವಿನ ಜೊತೆ ಹತ್ತು ನಿಮಿಷ ನಿಲ್ಲಿ. "ಬೆಳಕು ಯಾವ ಕಡೆಯಿಂದ ಬೀಳ್ತಿದೆ?" ಅಂತ ಕೇಳಿ. ಅಷ್ಟು ಸಾಕು.

ಗೀಚಿದ ಕಾಗದ ರಾಶಿ ಬಿದ್ದಿದೆ. ಎಸೆಯಬಹುದಾ?

ಎಲ್ಲಾ ಇಟ್ಟುಕೊಳ್ಳಲು ಆಗುವುದಿಲ್ಲ, ನಿಜ. ತಿಂಗಳಿಗೊಮ್ಮೆ ಮಗುವಿನ ಜೊತೆ ಕೂತು ನಾಲ್ಕು ಹಾಳೆ ಆರಿಸಿ. ಯಾವುದು ಉಳಿಯಬೇಕು ಅಂತ ಅವಳೇ ಹೇಳಲಿ. ಉಳಿದವು ಅಂಟಿಸುವ ಆಟಕ್ಕೆ ಚೂರಾಗಲಿ. ಅವಳ ಕಣ್ಣೆದುರಿಗೆ ಕಸದ ಬುಟ್ಟಿಗೆ ಹಾಕಬೇಡಿ.

ಆರಿಸಿದ ಹಾಳೆಯ ಹಿಂದೆ ತಾರೀಖು ಬರೆಯಿರಿ. ಅವಳು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದಿಡಿ. ನನ್ನ ಹತ್ತಿರ ಒಂದು ಹಳೆಯ ಹಾಳೆ ಇದೆ. ಮುಂದೆ ನೀಲಿ ಗೀಚು, ಒಂದು ಕಪ್ಪು ಚುಕ್ಕಿ. ಹಿಂದೆ ನನ್ನ ಅಕ್ಷರದಲ್ಲಿ: "ಮಳಿ ಬಂತು. ಮುತ್ಯಾ ಕೌದಿ ತರಾಕ ಮಾಳಗಿ ಮ್ಯಾಲ ಹೋಗ್ಯಾನ."